ಅಕ್ಕ-ತಮ್ಮ ಸೇರಿ ಟ್ಯಾಪ್ ಡಾನ್ಸ್ ಕಲಿಯುವುದು ಹೇಗೆ?

ಯೂಟ್ಯೂಬ್‌ನಲ್ಲಿ ನಿಕೋಲಸ್ ಬ್ರದರ್ಸ್ ಅಂತ ಹುಡುಕಿ, ಅಮೆರಿಕದ ಟ್ಯಾಪ್ ಕುಣಿಯುವ ಅಣ್ಣ-ತಮ್ಮ ಇವರು. 1943ರ 'ಸ್ಟಾರ್ಮಿ ವೆದರ್' ಸಿನಿಮಾದ ದೃಶ್ಯ ಸಿಗುತ್ತದೆ. ಹಾಕಿ, ಆದರೆ ಮೊದಲ ಸಲ ಕಣ್ಣು ಮುಚ್ಚಿಕೊಂಡು ಬರೀ ಕೇಳಿ. ಟ್ಯಾಪ್ ಕಲಿಯಬೇಕು ಅನ್ನುವವರು ಎಲ್ಲರೂ ಕಾಲು ನೋಡುತ್ತಾರೆ, ಅಲ್ಲೇ ತಪ್ಪುವುದು. ಬೂಟಿನ ತಳಕ್ಕೆ, ಮುಂಭಾಗಕ್ಕೊಂದು ಹಿಮ್ಮಡಿಗೊಂದು ಲೋಹದ ಪಟ್ಟಿ ಹಾಕಿಕೊಂಡು ನೆಲವನ್ನೇ ಮೃದಂಗದ ಹಾಗೆ ನುಡಿಸುವುದು ಇದು. ಕಿವಿ ಮೊದಲು, ಕಾಲು ಆಮೇಲೆ.

ನಾನು ಮತ್ತು ನನ್ನ ತಮ್ಮ ಎರಡು ವರ್ಷದಿಂದ ಬೆಂಗಳೂರಿನ ನಮ್ಮ ಮನೆಯಲ್ಲೇ ಕಲಿಯುತ್ತಿದ್ದೇವೆ. ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳಲ್ಲಿ ತನಿ ಆವರ್ತನ ಕೇಳಿಕೊಂಡು ಬೆಳೆದವರಿಗೆ ಇದು ಅಷ್ಟೇನೂ ಹೊಸದು ಅನ್ನಿಸುವುದಿಲ್ಲ. ಮೃದಂಗದವರು ಒಂದು ನುಡಿಸುತ್ತಾರೆ, ಘಟದವರು ಅದಕ್ಕೆ ಉತ್ತರ ಕೊಡುತ್ತಾರೆ, ಕೊನೆಗೆ ಇಬ್ಬರೂ ಸೇರುತ್ತಾರೆ, ಅಲ್ವಾ? ಟ್ಯಾಪ್ ಜೋಡಿಗಳೂ ಅದನ್ನೇ ಮಾಡುವುದು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹೂಫರ್ಸ್ ಕ್ಲಬ್ ಅಂತ ಒಂದು ಜಾಗ ಇತ್ತು. ಅಲ್ಲಿ ಒಬ್ಬರ ಹೆಜ್ಜೆಗೆ ಇನ್ನೊಬ್ಬರು ಸವಾಲು ಹಾಕಿಯೇ ಎಷ್ಟೋ ಜನ ಕಲಿತರು.

ನೆಲದ ವಿಷಯ ಮೊದಲು ಸರಿ ಮಾಡಿಕೊಳ್ಳಿ. ಟೈಲ್ಸ್ ಮೇಲೆ, ಗ್ರಾನೈಟ್ ಮೇಲೆ ನೇರವಾಗಿ ಕುಣಿಯಲೇಬೇಡಿ, ಜಾರುತ್ತದೆ, ಮೊಣಕಾಲು ನೋವು ಬರುತ್ತದೆ. ನಾವು ಮೊದಲ ವಾರ ಹಾಲ್‌ನಲ್ಲೇ ಶುರು ಮಾಡಿದ್ದೆವು. ನಾಲ್ಕನೇ ದಿನ ಕೆಳಗಿನ ಮನೆಯ ಆಂಟಿ ಬಂದು "ಮಗೂಗೆ ನಾಳೆ ಪರೀಕ್ಷೆ ಇದೆ ಕಣಮ್ಮ, ತಲೆ ಮೇಲೆ ಕುಟ್ಟಿದ ಹಾಗೆ ಆಗ್ತಿದೆ" ಅಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅವತ್ತೇ ತಾರಸಿಗೆ ಹೋದೆವು. ಪ್ಲೈವುಡ್ ಅಂಗಡಿಯಲ್ಲಿ ಎಂಟು ಬೈ ನಾಲ್ಕು ಅಡಿಯ ಶೀಟ್ ಸಿಗುತ್ತದೆ, 18 ಎಂಎಂ ದಪ್ಪದ್ದು ತಗೊಳ್ಳಿ, ಮಧ್ಯಕ್ಕೆ ಕತ್ತರಿಸಿ ಕೊಡಿ ಅಂತ ಕೇಳಿ. ನಾಲ್ಕು ಬೈ ನಾಲ್ಕರ ಎರಡು ಹಲಗೆ ಆಯಿತು, ಒಬ್ಬೊಬ್ಬರಿಗೆ ಒಂದೊಂದು. ಕೆಳಗೆ ಹಳೆಯ ಯೋಗ ಮ್ಯಾಟ್ ಹಾಸಿದರೆ ಸದ್ದೂ ಕಮ್ಮಿ, ಕಾಲಿಗೂ ಒಳ್ಳೆಯದು. ಮಳೆಗಾಲದಲ್ಲಿ ಹಲಗೆಯನ್ನು ಒಳಗೆ ತಂದು ನಿಲ್ಲಿಸಿಡಿ, ಇಲ್ಲದಿದ್ದರೆ ಉಬ್ಬಿಕೊಳ್ಳುತ್ತದೆ. ಟ್ಯಾಪ್ ಶೂಗೆ ಈಗಲೇ ದುಡ್ಡು ಹಾಕಬೇಡಿ. ಗಟ್ಟಿ ತಳ ಇರುವ ಯಾವುದಾದರೂ ಹಳೆಯ ಫಾರ್ಮಲ್ ಬೂಟು ಮೂರು ತಿಂಗಳಿಗೆ ಸಾಕು.

ಇನ್ನು ಹೆಜ್ಜೆ. ಕುರ್ಚಿಯ ಮೇಲೆ ಕೂತುಕೊಂಡೇ ಶುರು ಮಾಡಿ. ಬಲಗಾಲನ್ನು ಸ್ವಲ್ಪ ಎತ್ತಿ, ಹಿಮ್ಮಡಿ ನೆಲಕ್ಕೆ ತಾಗಬಾರದು, ಪಾದದ ಮುಂಭಾಗದಿಂದ ನೆಲವನ್ನು ಸವರಿಕೊಂಡು ಮುಂದಕ್ಕೆ ಬೀಸಿ, ಹಾಗೇ ಸವರಿಕೊಂಡು ಹಿಂದಕ್ಕೆ ತನ್ನಿ. ಎರಡು ಸದ್ದು ಬರಬೇಕು. ಇದು ಶಫಲ್. ಬಾಯಲ್ಲಿ 'ತಕ' ಅನ್ನಿ. ಗುಟ್ಟೆಲ್ಲ ಕಣಕಾಲಿನಲ್ಲಿದೆ, ಕೈ ತೊಳೆದು ನೀರು ಕೊಡವುತ್ತೀರಲ್ಲ, ಆಗ ಮಣಿಕಟ್ಟು ಎಷ್ಟು ಸಡಿಲ ಇರುತ್ತದೋ ಅಷ್ಟು ಸಡಿಲ ಇರಬೇಕು. ತೊಡೆಯಿಂದ ಒದ್ದರೆ ಒಂದೇ ಸದ್ದು ಬರುತ್ತದೆ, ಅದೂ ಮಂಕಾಗಿ. ನನಗೆ ಎರಡು ಸದ್ದು ಬೇರೆ ಬೇರೆಯಾಗಿ ಕೇಳಿಸಲು ಹನ್ನೊಂದು ದಿನ ಬೇಕಾಯಿತು, ತಮ್ಮನಿಗೆ ಮೂರೇ ದಿನ.

ಶಫಲ್ ಆದ ಮೇಲೆ ಅದೇ ಕಾಲನ್ನು ಕೆಳಗಿಟ್ಟರೆ ಮೂರು ಸದ್ದು, 'ತಕಿಟ'. ಇಡುವ ಬದಲು ಆ ಕಾಲಿನ ಮುಂಗಾಲನ್ನು ಹಿಂದೆ ಊರಿ, ತಕ್ಷಣ ಭಾರವನ್ನು ಇನ್ನೊಂದು ಕಾಲಿಗೆ ಬದಲಾಯಿಸಿದರೆ ಅದು ಶಫಲ್ ಬಾಲ್-ಚೇಂಜ್, ನಾಲ್ಕು ಸದ್ದು, 'ತಕಧಿಮಿ'. ನಮ್ಮ ಕೊನ್ನಕೋಲ್, ಅಂದರೆ ಮೃದಂಗದ ಸೊಲ್ಲುಗಳನ್ನು ಬಾಯಲ್ಲಿ ಹೇಳುವುದು, ಇಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತದೆ ಅಂದರೆ ನಾವು ಇಂಗ್ಲಿಷ್ ಎಣಿಕೆ ಬಿಟ್ಟೇಬಿಟ್ಟೆವು. ಜಾಝ್‌ನ ತೂಗಾಟವೂ ಇದರಲ್ಲೇ ಸಿಗುತ್ತದೆ, ತಿಶ್ರದಲ್ಲಿ, ಅಂದರೆ ಮೂರರ ಎಣಿಕೆಯಲ್ಲಿ, 'ತಕಿಟ ತಕಿಟ' ಹೇಳುತ್ತಾ ನಡುವಿನ 'ಕಿ' ನುಂಗಿಬಿಡಿ, ಉಳಿದದ್ದನ್ನು ಕಾಲಲ್ಲಿ ಹಾಕಿ. ಅಷ್ಟೇ ಸ್ವಿಂಗ್. ಲಯಕ್ಕೆ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ಆ್ಯಪ್‌ನಲ್ಲಿ ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ಶುರು ಮಾಡಿ, ಸದ್ದು ಸ್ವಚ್ಛವಾಗುವವರೆಗೆ ವೇಗ ಹೆಚ್ಚಿಸಬೇಡಿ. ದಿನಕ್ಕೆ ಹದಿನೈದು ನಿಮಿಷ ಸಾಕು, ಜಾಸ್ತಿ ಮಾಡಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ.

ಈಗ ಕಣ್ಣು ತೆರೆದು ನಿಕೋಲಸ್ ಅಣ್ಣ-ತಮ್ಮನನ್ನು ನೋಡಿ. ಫೇಯಾರ್ಡ್ ಹುಟ್ಟಿದ್ದು 1914ರಲ್ಲಿ, ಹೆರಾಲ್ಡ್ 1921ರಲ್ಲಿ. ಇವರು ಯಾವ ಡಾನ್ಸ್ ಶಾಲೆಗೂ ಹೋದವರಲ್ಲ. ಫಿಲಡೆಲ್ಫಿಯಾದ ಸ್ಟ್ಯಾಂಡರ್ಡ್ ಥಿಯೇಟರ್‌ನಲ್ಲಿ ಅಪ್ಪ ಡ್ರಮ್ಸ್, ಅಮ್ಮ ಪಿಯಾನೋ. ಅಲ್ಲಿ ಕೂತು ಬಂದುಹೋಗುವ ಕಲಾವಿದರನ್ನೆಲ್ಲ ನೋಡಿ ನೋಡಿ ಫೇಯಾರ್ಡ್ ಕಲಿತರು, ಆಮೇಲೆ ತಮ್ಮನಿಗೆ ಕಲಿಸಿದರು. 1932ರಲ್ಲಿ ಹಾರ್ಲೆಮ್‌ನ ಕಾಟನ್ ಕ್ಲಬ್ ಅನ್ನುವ ನೈಟ್ ಕ್ಲಬ್‌ನಲ್ಲಿ ಕುಣಿಯಲು ಶುರು ಮಾಡಿದಾಗ ಹೆರಾಲ್ಡ್‌ಗೆ ಹನ್ನೊಂದು ವರ್ಷ. ಆ ಕ್ಲಬ್‌ನಲ್ಲಿ ಕುಣಿಯುವವರು ಕಪ್ಪು ಜನ, ಕೂತು ನೋಡುವವರು ಬಿಳಿಯರು. ಸಿನಿಮಾಗಳಲ್ಲೂ ಅವರ ನೃತ್ಯವನ್ನು ಕಥೆಗೆ ಅಂಟದ ಹಾಗೆ ಇಡುತ್ತಿದ್ದರು, ಅಮೆರಿಕದ ದಕ್ಷಿಣದ ಊರುಗಳಲ್ಲಿ ಅಷ್ಟನ್ನು ಕತ್ತರಿಸಿ ತೋರಿಸಲು ಸುಲಭ ಆಗಲಿ ಅಂತ. ಇದನ್ನು ತಿಳಿದುಕೊಂಡು ಆ ದೃಶ್ಯ ನೋಡಿದರೆ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ಮೆಟ್ಟಿಲಿನ ಭಾಗ ಬಂದಾಗ ವಿಡಿಯೋ ವೇಗವನ್ನು ಅರ್ಧಕ್ಕೆ ಇಳಿಸಿ. ಒಬ್ಬರು ಒಂದು ಮೆಟ್ಟಿಲು ಕೆಳಗೆ, ಒಂದು ಕಾಲು ಮುಂದಕ್ಕೆ ಇನ್ನೊಂದು ಹಿಂದಕ್ಕೆ ಚಾಚಿ ಕೂತಿರುತ್ತಾರೆ. ಇನ್ನೊಬ್ಬರು ಹಿಂದಿನಿಂದ ಅವರ ತಲೆ ಮೇಲೆ ಹಾರಿ ಮುಂದಿನ ಮೆಟ್ಟಿಲಿಗೆ ಹಾಗೇ ಕಾಲು ಚಾಚಿ ಇಳಿಯುತ್ತಾರೆ. ಅಷ್ಟರಲ್ಲಿ ಹಿಂದಿನವರು ಎದ್ದಾಗಿರುತ್ತದೆ, ಕೈ ಊರದೆ! ಕಾಲಿನ ಬಲದಿಂದಲೇ ಏಳುವುದು. ಹೀಗೇ ಕೆಳಗಿನವರೆಗೆ. ಇದನ್ನು ಮಾಡಲು ಹೋಗಬೇಡಿ, ದಯವಿಟ್ಟು. ನಾವು ಕಲಿಯಬೇಕಾದ್ದು ಬೇರೆ: ಅವರು ಒಬ್ಬರನ್ನೊಬ್ಬರು ನೋಡುವುದೇ ಇಲ್ಲ. ಅಣ್ಣ ಎಲ್ಲಿದ್ದಾನೆ ಅಂತ ತಮ್ಮನಿಗೆ ಸದ್ದಿನಿಂದಲೇ ಗೊತ್ತು.

ಅದಕ್ಕೊಂದು ಅಭ್ಯಾಸ ಇದೆ. ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿ. ಒಬ್ಬರು ಆದಿತಾಳ ಹಾಕಲಿ, ಇನ್ನೊಬ್ಬರು ಎಂಟು ಅಕ್ಷರಕ್ಕೆ ಏನಾದರೂ ಕಾಲಲ್ಲಿ ನುಡಿಸಲಿ. ಮುಂದಿನ ಆವರ್ತನದಲ್ಲಿ ತಾಳ ಹಾಕಿದವರು ಅದನ್ನೇ ವಾಪಸ್ ನುಡಿಸಬೇಕು. ನಾಲ್ಕು ಸುತ್ತು ಆದ ಮೇಲೆ ಎಂಟನ್ನು ನಾಲ್ಕಕ್ಕೆ, ನಾಲ್ಕನ್ನು ಎರಡಕ್ಕೆ ಇಳಿಸಿ, ಕೊನೆಗೆ ಇಬ್ಬರೂ ಒಟ್ಟಿಗೆ. ಮೊದಲ ಸಲ ಒಟ್ಟಿಗೆ ಸಮಕ್ಕೆ ಬಂದ ದಿನ ನನ್ನ ತಮ್ಮ ಏನೂ ಮಾತಾಡಲಿಲ್ಲ, ಸುಮ್ನೆ ತಿರುಗಿ ನನ್ನ ಮುಖ ನೋಡಿದ.

ಜಗಳ ಆಗುತ್ತದೆ, ಆಗಲಿ. ಅಮೆರಿಕದ ಇನ್ನೊಂದು ಅಣ್ಣ-ತಮ್ಮನ ಜೋಡಿ ಗ್ರೆಗರಿ ಮತ್ತು ಮೌರಿಸ್ ಹೈನ್ಸ್ ಚಿಕ್ಕಂದಿನಿಂದ ಜೊತೆಯಾಗಿ ಕುಣಿದವರು, 70ರ ದಶಕದಲ್ಲಿ ಬೇರೆಯಾದರು. 1984ರಲ್ಲಿ 'ದಿ ಕಾಟನ್ ಕ್ಲಬ್' ಸಿನಿಮಾದಲ್ಲಿ ಮುನಿಸಿಕೊಂಡು ಮತ್ತೆ ಒಂದಾಗುವ ಟ್ಯಾಪ್ ಸಹೋದರರಾಗಿಯೇ ನಟಿಸಿದರು. ನಮ್ಮ ಮನೆಯಲ್ಲಿ ಜಗಳಕ್ಕೆ ಕಾರಣ ಒಂದೇ, ಯಾರು ಜಾಸ್ತಿ ಚೆನ್ನಾಗಿ ಮಾಡುತ್ತಾರೆ ಅನ್ನುವುದು. ಅದಕ್ಕೆ ನನಗೆ ಸಮಾಧಾನ ಕೊಟ್ಟಿದ್ದು ಆಸ್ಟೇರ್ ಅಕ್ಕ-ತಮ್ಮನ ಕಥೆ. ಅಡೆಲ್ 1896, ಫ್ರೆಡ್ 1899, ಒಮಾಹಾ ಊರಿನವರು. ಸುಮಾರು 27 ವರ್ಷ ಜೋಡಿಯಾಗಿ ವೇದಿಕೆ ಮೇಲಿದ್ದರು, ಆಗ ದೊಡ್ಡ ತಾರೆ ಅಕ್ಕನೇ. 1932ರಲ್ಲಿ ಅಡೆಲ್ ಮದುವೆಯಾಗಿ ರಂಗ ಬಿಟ್ಟರು. ಫ್ರೆಡ್ ಹಾಲಿವುಡ್‌ಗೆ ಹೋಗಿ ಇಡೀ ಜಗತ್ತಿಗೆ ಗೊತ್ತಾದರು. ಅಕ್ಕನನ್ನು ಇವತ್ತು ನೆನೆಯುವವರು ಕಮ್ಮಿ, ಆದರೆ ಫ್ರೆಡ್ ಜೋಡಿಯಾಗಿ ಕುಣಿಯುವುದನ್ನು ಕಲಿತಿದ್ದು ಅವರ ಪಕ್ಕದಲ್ಲೇ ನಿಂತು.

ಅಪಾರ್ಟ್‌ಮೆಂಟಿನ ಗಣೇಶನ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಎರಡು ನಿಮಿಷದ ಐಟಂ ಮಾಡುವುದಾದರೆ, ಮುಗಿಸಲು ಆ ಆಸ್ಟೇರ್ ಜೋಡಿಯದೇ ಒಂದು ಹೆಜ್ಜೆ ಇದೆ, ರನ್‌ಅರೌಂಡ್ ಅಂತ. ಕಷ್ಟ ಇಲ್ಲ. ಭುಜಕ್ಕೆ ಭುಜ ತಾಗಿಸಿ ನಿಲ್ಲಿ, ಸೈಕಲ್ ಹ್ಯಾಂಡಲ್ ಹಿಡಿದ ಹಾಗೆ ಕೈ ಮುಂದೆ ಚಾಚಿ, ಮುಖದಲ್ಲಿ ಏನೂ ತೋರಿಸದೆ ಗುಂಡಗೆ ಓಡಿ. ಮೊದಲ ಸುತ್ತು ಚಿಕ್ಕದು, ಆಮೇಲಾಮೇಲೆ ದೊಡ್ಡದು, ನಗು ಬಂದರೂ ತಡೆದುಕೊಳ್ಳಿ. ಒಳಗಿನವರು ಚಿಕ್ಕ ಹೆಜ್ಜೆ, ಹೊರಗಿನವರು ದೊಡ್ಡ ಹೆಜ್ಜೆ ಇಡಬೇಕು, ಇಲ್ಲದಿದ್ದರೆ ಭುಜ ಬಿಟ್ಟುಹೋಗುತ್ತದೆ. ಕೊನೆಯ ಸುತ್ತು ವೇದಿಕೆಯ ಅಂಚಿಗೆ ಬಂದಾಗ ತಿರುಗದೆ ಹಾಗೇ ಓಡಿ ಪರದೆಯ ಹಿಂದೆ ಹೋಗಿಬಿಡಿ. ಮೆಟ್ಟಿಲು ಎಲ್ಲಿದೆ ಅಂತ ಮುಂಚೆಯೇ ನೋಡಿಟ್ಟುಕೊಂಡಿರಿ.