ಚೀನೀ ಅಕ್ಷರ ನನ್ನ ಕೈಗೆ ಹತ್ತಿದ್ದು ಹೀಗೆ

ಶೆನ್‌ಜೆನ್‌ಗೆ ಕೆಲಸಕ್ಕೆ ಬರುವ ನಮ್ಮವರು ಚೀನೀ ಮಾತು ಕಲಿಯುತ್ತಾರೆ, ಬರವಣಿಗೆಯ ತಂಟೆಗೆ ಹೋಗುವುದಿಲ್ಲ. ಫೋನಿನಲ್ಲಿ ಪಿನ್‌ಯಿನ್ (ಇಂಗ್ಲಿಷ್ ಅಕ್ಷರಗಳಲ್ಲಿ ಚೀನೀ ಉಚ್ಚಾರ) ಒತ್ತಿದರೆ ಅಕ್ಷರ ತಾನಾಗಿ ಬರುತ್ತದಲ್ಲ, ಕೈಯಲ್ಲಿ ಯಾಕೆ ತಿದ್ದಬೇಕು ಅನ್ನುತ್ತಾರೆ. ತಪ್ಪೇನಿಲ್ಲ, ಪೆನ್ನು ಹಿಡಿದರೆ ಚೀನೀಯರೇ ಈಗ ಅಕ್ಷರಕ್ಕಾಗಿ ತಡಕಾಡುತ್ತಾರೆ. ನನಗೆ ಮಾತ್ರ ಬೇರೆ ದಾರಿ ಇರಲಿಲ್ಲ. ನಾನಿದ್ದ ಕಾರ್ಖಾನೆಯಲ್ಲಿ ಪಾಳಿ ಬದಲಾಗುವಾಗ ಬರೆದಿಡುವ ಪುಸ್ತಕ ಪೂರ್ತಿ ಕೈಬರಹ. ಅಚ್ಚಿನ ಅಕ್ಷರ ಓದಲು ಬರುತ್ತಿದ್ದರೂ ಆ ಪುಸ್ತಕದ ಒಂದು ಸಾಲೂ ನನಗೆ ದಕ್ಕುತ್ತಿರಲಿಲ್ಲ.

ಯಾವ ಗೆರೆ ಮೊದಲು, ಯಾವುದು ಆಮೇಲೆ ಅನ್ನುವ ಸರದಿಗೆ ಅಲ್ಲಿ ಬಿಶುನ್ ಅನ್ನುತ್ತಾರೆ. ನಿಯಮಗಳನ್ನು ಕಲಿಯಲು ಒಂದು ಸಂಜೆ ಸಾಕು. ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ. ಅಡ್ಡಗೆರೆಯೂ ನೇರಗೆರೆಯೂ ಒಂದನ್ನೊಂದು ದಾಟಿದರೆ ಸಾಮಾನ್ಯವಾಗಿ ಅಡ್ಡಗೆರೆ ಮೊದಲು. ಚೌಕದೊಳಗೆ ಏನಾದರೂ ಇದ್ದರೆ ಅದನ್ನು ತುಂಬಿದ ಮೇಲೆಯೇ ತಳ ಮುಚ್ಚಬೇಕು. ದೇಶ ಎಂಬ ಅರ್ಥದ 'ಗುವೊ' ಅಕ್ಷರಕ್ಕೆ ಎಂಟು ಗೆರೆ. ಮೊದಲು ಚೌಕದ ಎಡಗೋಡೆ. ಎರಡನೆಯದು ಮೇಲೆ ಅಡ್ಡ ಹೋಗಿ, ಪೆನ್ನು ಎತ್ತದೆ ಬಲಕ್ಕೆ ಕೆಳಗಿಳಿಯುತ್ತದೆ. ಒಳಗೆ ಎರಡು ಅಡ್ಡ, ಒಂದು ನೇರ, ಮತ್ತೊಂದು ಅಡ್ಡ, ಒಂದು ಚುಕ್ಕೆ. ಕೊನೆಗೆ ತಳ.

ನೀರಿನ ಅಕ್ಷರದಲ್ಲಿ ನಡುವಿನ ಕೊಕ್ಕೆ ಮೊದಲು, ಅಕ್ಕಪಕ್ಕದ್ದು ಆಮೇಲೆ. ಬೆಂಕಿಯ ಅಕ್ಷರದಲ್ಲಿ ಇದು ತಿರುಗಾಮುರುಗಾ: ಎರಡು ಬದಿಯ ಚುಕ್ಕೆ ಮೊದಲು, ನಡುವಿನದು ಕೊನೆಗೆ. ಇಂಥವಕ್ಕೆ ಕಾರಣ ಹುಡುಕುವ ಬದಲು ಉರು ಹೊಡೆದೆ.

ಕನ್ನಡ ಬರೆದ ಕೈಗೆ ನಿಜವಾದ ತೊಡಕು ಸರದಿಯಲ್ಲ, ಮೂಲೆ. ನಮ್ಮ ಅಕ್ಷರ ಸುತ್ತಿಕೊಂಡು ಬರುತ್ತದೆ. ಅಲ್ಲಿ ಗೆರೆ ತಿರುಗುವ ಕಡೆ ಪೆನ್ನು ಒಂದು ಕ್ಷಣ ನಿಂತು, ಒತ್ತಿ, ಆಮೇಲೆ ತಿರುಗಬೇಕು. ನನ್ನ ಚೌಕಗಳು ಬಹಳ ಕಾಲ 'ಂ' ಸೊನ್ನೆಯಂತೆಯೇ ಇದ್ದವು. ನಡುವೆ ಅಡ್ಡ-ಉದ್ದ ಗೆರೆ ಎಳೆದ ಚೌಕಗಳ ಅಭ್ಯಾಸ ಪುಸ್ತಕ ಅಲ್ಲಿನ ಯಾವ ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತದೆ. ಅದನ್ನೇ ಬಳಸಿದೆ. ಶಾಲೆಯ ಮಕ್ಕಳ ಹಾಗೆ 'ಹೆಂಗ್, ಶು, ಪ್ಯೆ, ನಾ' ಎಂದು ಗೆರೆಗಳ ಹೆಸರು ಕೂಗುತ್ತ ಗಾಳಿಯಲ್ಲೂ ಬರೆದೆ. ನೋಡುವವರಿಗೆ ತಮಾಷೆ, ಆದರೆ ಕೈಗೆ ಬೇಗ ಹತ್ತುತ್ತದೆ.

ಅಕ್ಷರಗಳನ್ನು ಒಂದೊಂದಾಗಿ ಕಲಿಯಲಿಲ್ಲ, ತುಂಡುಗಳನ್ನು ಕಲಿತೆ. 1716ರ ಕಾಂಗ್‌ಶಿ ನಿಘಂಟು ಇಂಥ 214 ಮೂಲ ತುಂಡುಗಳ, ಅಂದರೆ ಮೂಲಾಂಗಗಳ ಮೇಲೆ ನಿಂತಿದೆ. ಅವುಗಳಲ್ಲಿ ಪದೇ ಪದೇ ಬರುವವನ್ನು ಕೈಗೆ ಕೂರಿಸಿಕೊಂಡರೆ ಹೊಸ ಅಕ್ಷರ ಅಷ್ಟು ಹೊಸದೆನಿಸುವುದಿಲ್ಲ. ತುಂಡು ಜಾಗ ಬದಲಿಸಿದಾಗ ಸರದಿಯೂ ಬದಲಾಗುವುದುಂಟು. ಎತ್ತಿನ ಅಕ್ಷರ 'ನಿಯು' ಒಂಟಿಯಾಗಿದ್ದರೆ ಎಡಕ್ಕೆ ಇಳಿಯುವ ಸಣ್ಣ ಗೆರೆ, ಎರಡು ಅಡ್ಡ, ಕೊನೆಗೆ ನೇರ. ಅದೇ ಬೇರೊಂದು ಅಕ್ಷರದ ಎಡಬದಿಗೆ ಸರಿದರೆ ನೇರಗೆರೆ ಮೂರನೆಯದಾಗುತ್ತದೆ. ಕೆಳಗಿನ ಅಡ್ಡಗೆರೆ ಕೊನೆಗೆ ಬಂದು ಬಲಕ್ಕೆ ಮೇಲೇರುತ್ತದೆ. ಯಾಕೆಂದರೆ ಪೆನ್ನು ಮುಂದೆ ಹೋಗಬೇಕಾದ್ದು ಬಲಭಾಗಕ್ಕೆ. ಬಿಶುನ್ ಅಂದರೆ ಮೇಷ್ಟ್ರ ಶಿಸ್ತಲ್ಲ, ಕೈ ನಡೆಯುವ ದಾರಿ ಅನ್ನುವುದು ನನಗೆ ಹೊಳೆದದ್ದು ಇಲ್ಲಿ.

ಕೈಬರಹದ ಗುಟ್ಟೂ ಇದೇ. ಅವಸರದಲ್ಲಿ ಬರೆಯುವವರು ಪೆನ್ನು ಎತ್ತುವುದಿಲ್ಲ, ಒಂದು ಗೆರೆಯ ತುದಿ ಮುಂದಿನ ಗೆರೆಯ ಬುಡಕ್ಕೆ ಅಂಟುತ್ತದೆ. ಸರದಿ ಗೊತ್ತಿದ್ದರೆ ಆ ಅಂಟನ್ನು ಬಿಡಿಸಬಹುದು. 1956ರಿಂದ ಚೀನಾ ಸರಳಗೊಳಿಸಿದ ಅಕ್ಷರಗಳಲ್ಲೂ ಕೆಲವು ಇಂಥ ಓಟದ ಬರಹದಿಂದಲೇ ಬಂದವು. ಪುಸ್ತಕ ಎಂಬ ಅರ್ಥದ 'ಶು' ಹತ್ತು ಗೆರೆಯಿಂದ ನಾಲ್ಕಕ್ಕೆ ಇಳಿದದ್ದು ಹಾಗೆ. ಪಾಳಿ ಪುಸ್ತಕದ ಅಕ್ಷರದ ಮೇಲೆ ಬೆರಳಾಡಿಸುತ್ತ, ಗೆರೆ ಬಿಡಿಸಿ, ಫೋನಿನ ಪ್ಲೆಕೊ ನಿಘಂಟಿನ ಚೌಕದಲ್ಲಿ ಬೆರಳಿನಿಂದ ಬರೆದು ನೋಡುವುದು ಅಭ್ಯಾಸವಾಯಿತು.

ಆದರೆ ಫೋನು ಉದಾರಿ, ಸರದಿ ತಪ್ಪಿದರೂ ಅಕ್ಷರ ಕೊಟ್ಟುಬಿಡುತ್ತದೆ. ಕಟ್ಟುನಿಟ್ಟಾದ ಪರೀಕ್ಷೆ ಬೇಕಿದ್ದರೆ ಗೆರೆ ಕೀಬೋರ್ಡು ಹಾಕಿಕೊಳ್ಳಿ. ಅದರಲ್ಲಿ ಐದೇ ಕೀಲಿ: ಅಡ್ಡ, ನೇರ, ಎಡಕ್ಕೆ ಇಳಿಯುವುದು, ಚುಕ್ಕೆ, ತಿರುವು. ಬಲಕ್ಕೆ ಇಳಿಯುವ ಗೆರೆ ಚುಕ್ಕೆಯ ಲೆಕ್ಕಕ್ಕೆ, ಮೇಲೇರುವುದು ಅಡ್ಡಗೆರೆಯ ಲೆಕ್ಕಕ್ಕೆ. ಪಿನ್‌ಯಿನ್ ಒಗ್ಗದ ಹಿರಿಯರು ಬಳಸುವ ಕೀಬೋರ್ಡು ಇದು. ಸರದಿ ತಪ್ಪಿ ಒತ್ತಿದರೆ ನಿಮಗೆ ಬೇಕಾದ ಅಕ್ಷರ ಬಾರದು. ಬಸ್ಸಿನಲ್ಲಿ ಕೂತಾಗ ಅಂಗಡಿ ಬೋರ್ಡುಗಳನ್ನು ಇದರಲ್ಲಿ ಒತ್ತುತ್ತ ಹೋಗುತ್ತಿದ್ದೆ. ಪುಸ್ತಕಕ್ಕಿಂತ ಇದರಿಂದಲೇ ಹೆಚ್ಚು ಕಲಿತೆ ಅನ್ನಬೇಕು.

ಜಪಾನಿ ಕಲಿಯುವವರ ವಿಡಿಯೊ ನೋಡಿ ಚೀನೀ ಬರೆಯಲು ಹೋಗಬೇಡಿ. ರಾಜ ಎಂಬ ಅರ್ಥದ ಅಕ್ಷರಕ್ಕೆ ಇಬ್ಬರದೂ ನಾಲ್ಕೇ ಗೆರೆ. ಚೀನಾದಲ್ಲಿ ಎರಡು ಅಡ್ಡ ಆದಮೇಲೆ ನೇರ, ಜಪಾನಿನಲ್ಲಿ ಒಂದು ಅಡ್ಡ ಆದಕೂಡಲೇ ನೇರ. ಎರಡೂ ಸರಿ. ಚೀನಾದಲ್ಲಿ 8105 ಅಕ್ಷರಗಳಿಗೆ ಸರದಿ ಗೊತ್ತುಮಾಡಿದ ಮಾನದಂಡವೇ ಇದೆ, 2021ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಪಾಳಿ ಪುಸ್ತಕ ಬರೆಯುವವರು ಚೀನಾದ ಶಾಲೆಯಲ್ಲಿ ಓದಿದವರಾದ್ದರಿಂದ ನಾನು ಚೀನಾದ ಸರದಿಯನ್ನೇ ಹಿಡಿದೆ.