ಅಳತೆ ಹಿಡಿದು ಕಲಿತ ಎಕ್ಸ್-ರೇ: ನನ್ನ ಅನುಭವ

ಕೆವಿಪಿ, ಅಂದರೆ ಎಕ್ಸ್-ರೇ ಕಿರಣ ಎಷ್ಟು ತೂರಬೇಕೆಂದು ನಿರ್ಧರಿಸುವ ವೋಲ್ಟೇಜ್, ಆರಿಸುವುದು ಕಣ್ಣಳತೆಯ ವಿದ್ಯೆ, ಹತ್ತು ವರ್ಷ ಕೆಲಸ ಮಾಡಿದರೆ ತಾನಾಗಿ ಬರುತ್ತದೆ ಎಂದು ನಮ್ಮ ವಿಭಾಗದ ಹಿರಿಯರೆಲ್ಲ ಹೇಳುತ್ತಿದ್ದರು. ನನ್ನ ಬಳಿ ಹತ್ತು ವರ್ಷ ಇರಲಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಎಸ್ಸಿ. ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ ಎಂದರೆ ಮೂರು ವರ್ಷ ಪಾಠ, ಮೇಲೊಂದು ವರ್ಷ ಇಂಟರ್ನ್‌ಶಿಪ್. ಅಷ್ಟರೊಳಗೆ ಕೈ ಪಳಗಬೇಕಿತ್ತು. ರೋಗಿಯ ದಪ್ಪ ಅಳೆದೆ, ರಿಜೆಕ್ಟ್ ಆದ ಚಿತ್ರಗಳನ್ನೆಲ್ಲ ಕಾರಣ ಸಹಿತ ಬರೆದಿಟ್ಟೆ, ಅದರಿಂದ ಯಾವ ದಪ್ಪಕ್ಕೆ ಎಷ್ಟು ಕಿರಣ ಎಂಬ ನನ್ನದೇ ಚಾರ್ಟ್ ಕಟ್ಟಿಕೊಂಡೆ. ಆ ಚಾರ್ಟ್ ಈಗ ನಾನು ಕಲಿತ ಆಸ್ಪತ್ರೆಯ ಎರಡನೇ ಕೋಣೆಯಲ್ಲಿ, ಕನ್ಸೋಲಿನ ಪಕ್ಕದ ಗೋಡೆಯ ಮೇಲಿದೆ. ಆಗ ಆಗದು ಎಂದು ತಲೆಯಾಡಿಸಿದವರೇ ಈಗ ಅದನ್ನು ನೋಡಿ ಗುಂಡಿ ಒತ್ತುತ್ತಾರೆ. ಕಿರಿಯರು ಕೇಳುತ್ತಲೇ ಇರುವುದರಿಂದ ಹೇಗೆ ಮಾಡಿದೆ ಎಂಬುದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. "ನೋಡಪ್ಪಾ, ಯಂತ್ರದ ಗುಂಡಿ ಒತ್ತುವುದಕ್ಕೆ ಡಿಗ್ರಿ ಯಾಕೆ? ಎರಡು ವರ್ಷದ ಡಿಪ್ಲೊಮಾ ಮುಗಿಸಿ ದುಡಿಯಲು ನಿಲ್ಲು" ಎಂದು ದೊಡ್ಡಪ್ಪ ಪಟ್ಟು ಹಿಡಿದಿದ್ದರು. ಮನೆ ಇರುವುದು ಹಾವೇರಿ ಕಡೆ, ಸೀಟು ಸಿಕ್ಕಿದ್ದು ಮಂಗಳೂರಿನಲ್ಲಿ. ಶುಲ್ಕ ವರ್ಷಕ್ಕೆ ಸುಮಾರು 75,000. ಇರುವುದಕ್ಕೆ, ಊಟಕ್ಕೆ ಇನ್ನೊಂದು 50,000. ಬ್ಯಾಂಕಿನಲ್ಲಿ ಎರಡೂವರೆ ಲಕ್ಷದ ಶಿಕ್ಷಣ ಸಾಲ ತೆಗೆದೆವು. ಹಾಸ್ಟೆಲ್ ಬಿಟ್ಟು ಗೆಳೆಯರ ಜೊತೆ ಬಾಡಿಗೆ ಕೋಣೆಗೆ ಹೋದ ಮೇಲೆ ಸರ್ಕಾರದ ವಿದ್ಯಾಸಿರಿ ನೆರವು ಸಿಕ್ಕಿತು, ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ. ಎರಡನೇ ವರ್ಷದಿಂದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಸಂಜೆ ವರದಿ ಟೈಪ್ ಮಾಡಲು ಕುಳಿತೆ. ತಿಂಗಳಿಗೆ ಮೂರು ಸಾವಿರದ ಆಸುಪಾಸು ಕೊಡುತ್ತಿದ್ದರು. ಆ ಟೈಪಿಂಗ್ ನನಗೆ ಕೊಟ್ಟದ್ದು ಹಣಕ್ಕಿಂತ ಹೆಚ್ಚು. ಯಾವ ಚಿತ್ರದಲ್ಲಿ ರೇಡಿಯಾಲಜಿಸ್ಟ್ ಏನನ್ನು ಹುಡುಕುತ್ತಾರೆ, ಯಾವುದು ಕಾಣದಿದ್ದರೆ 'ಮತ್ತೆ ತೆಗೆಯಿರಿ' ಎಂದು ಬರೆಯುತ್ತಾರೆ ಎನ್ನುವುದು ಅಲ್ಲಿ ದಿನವೂ ಬೆರಳಿನಡಿ ಹಾದುಹೋಗುತ್ತಿತ್ತು. ಓದುತ್ತಿರುವವರಿಗೆ ಅಂಥ ಕೆಲಸ ಸಿಕ್ಕರೆ ಬಿಡಬೇಡಿ.

ಮೊದಲ ವರ್ಷದ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ, ರೋಗಶಾಸ್ತ್ರ, ಸೂಕ್ಷ್ಮಜೀವಿಗಳ ಬಗ್ಗೆ ಹೇಳುವಂಥದ್ದೇನಿಲ್ಲ, ಎಲ್ಲರೂ ಓದುವ ಹಾಗೆಯೇ ಓದಿದೆ. ಪೊಸಿಷನಿಂಗ್, ಅಂದರೆ ರೋಗಿಯನ್ನು ಸರಿಯಾಗಿ ಇರಿಸುವುದನ್ನು, ಕಲಿತದ್ದು ಮಾತ್ರ ಕೋಣೆಯ ಮಂಚದ ಮೇಲೆ. ಟ್ಯೂಬಿನ ಬದಲು ಟಾರ್ಚ್, ಅದರ ಬಾಯಿಗೆ ಚೌಕ ಕತ್ತರಿಸಿದ ರಟ್ಟಿನ ಕಾಲಿಮೇಟರ್ (ಕಿರಣದ ಅಗಲ ಕಟ್ಟುವ ಭಾಗ), ಚಿತ್ರ ಮೂಡುವ ಕ್ಯಾಸೆಟ್ಟಿನ ಜಾಗದಲ್ಲಿ ಹಳೆಯ ಕ್ಯಾಲೆಂಡರಿನ ಬೆನ್ನು. ಗೋಡೆಯ ಮೇಲೆ ಟ್ಯೂಬಿನ ದೂರಕ್ಕೆ 100 ಮತ್ತು 180 ಸೆಂ.ಮೀ. ಗುರುತು. ಒಬ್ಬ ಮಲಗುತ್ತಿದ್ದ, ಇನ್ನೊಬ್ಬ ಅವನ ಇಲಿಯಾಕ್ ಕ್ರೆಸ್ಟ್ (ಸೊಂಟದ ಮೂಳೆಯ ಮೇಲಂಚು), ಕುತ್ತಿಗೆಯ ಏಳನೇ ಕಶೇರು, ಟ್ರೊಕ್ಯಾಂಟರ್ (ತೊಡೆಮೂಳೆಯ ಮೇಲ್ತುದಿಯ ಉಬ್ಬು) ಮುಟ್ಟಿ ಹೇಳಬೇಕು. ಪಾದವನ್ನು 15ರಿಂದ 20 ಡಿಗ್ರಿ ಒಳಗೆ ತಿರುಗಿಸಿದಾಗ ಕಣಕಾಲಿನ ಎರಡು ಗಂಟುಗಳೂ ಒಂದೇ ಎತ್ತರಕ್ಕೆ ಬರುವುದನ್ನು ನಾನು ಕಂಡದ್ದು ಆ ಟಾರ್ಚ್ ಬೆಳಕಿನಲ್ಲಿ. ಕೈಯನ್ನು ಕ್ಯಾಲೆಂಡರಿನಿಂದ ಎತ್ತಿದರೆ ನೆರಳು ಹಿಗ್ಗಿ ಅಂಚು ಮಸುಕಾಗುತ್ತದೆ, ಇದಕ್ಕೆ ಪುಸ್ತಕ ಬೇಕಾಗಿಲ್ಲ. ಒಂದು ಮಳೆಗಾಲ ಪೂರ್ತಿ ಹೀಗೆ ಮಾಡಿದ ಮೇಲೆ ನನ್ನ ರಿಜೆಕ್ಟ್‌ಗಳಲ್ಲಿ ಪೊಸಿಷನಿಂಗ್ ಕಾರಣದವು ಬಹುಮಟ್ಟಿಗೆ ನಿಂತವು. ಉಳಿದದ್ದು ಕಿರಣ ಎಷ್ಟು ಕೊಡಬೇಕೆಂಬ ಎಕ್ಸ್‌ಪೋಷರ್.

ಚಾರ್ಟಿಗೆ ಮೊದಲು ಬೇಕಾದದ್ದು ದಪ್ಪ ಅಳೆಯುವ ಕ್ಯಾಲಿಪರ್. ವೈದ್ಯಕೀಯ ಸಾಮಗ್ರಿಯ ಅಂಗಡಿಯಲ್ಲಿ ಹೇಳಿದ ಬೆಲೆ ಕೇಳಿ ಹೊರಬಂದೆ. ಬಡಗಿಯೊಬ್ಬರಿಂದ ಪ್ಲೈವುಡ್‌ನಲ್ಲಿ ಮಾಡಿಸಿದೆ, ಇನ್ನೂರೈವತ್ತು ರೂಪಾಯಿ. ಕರಾವಳಿಯ ಜುಲೈ ತಿಂಗಳಿಗೆ ಪ್ಲೈವುಡ್ ಉಬ್ಬಿ, ಜಾರುವ ತೋಳು ಸಿಕ್ಕಿಹಾಕಿಕೊಂಡಿತು. ಆಮೇಲೆ ಕಿಟಕಿ ಚೌಕಟ್ಟು ಮಾಡುವ ಫ್ಯಾಬ್ರಿಕೇಶನ್ ಅಂಗಡಿಯ ಅಲ್ಯೂಮಿನಿಯಂ ಪಟ್ಟಿಯಲ್ಲಿ ಮಾಡಿಸಿದ್ದು ನಾನೂರು ಚಿಲ್ಲರೆ ಬಿತ್ತು. ಇವತ್ತಿಗೂ ಅದೇ ನನ್ನ ಚೀಲದಲ್ಲಿದೆ.

ಸೂತ್ರ ನಿಮಗೆ ಗೊತ್ತಿರುವುದೇ: ಸೆಂ.ಮೀ.ನಲ್ಲಿ ದಪ್ಪದ ಎರಡರಷ್ಟು, ಅದಕ್ಕೆ ಯಂತ್ರದ ಸ್ಥಿರಾಂಕ ಕೂಡಿಸಿದರೆ ಕೆವಿಪಿ. ಸ್ಥಿರಾಂಕ 30 ಎಂದು ಕುರುಡಾಗಿ ಹಿಡಿಯುವವರೇ ಹೆಚ್ಚು. ಹಳೆಯ ಸಿಂಗಲ್ ಫೇಸ್ ಯಂತ್ರಕ್ಕೆ ಅದು ಸರಿ, ನಮ್ಮದು ಹೈ ಫ್ರೀಕ್ವೆನ್ಸಿ. ಅದಕ್ಕೆ ಎಷ್ಟು ಎಂದು ಕಂಡುಹಿಡಿಯಲು ನೀರು ಬಳಸಿದೆ. ಇನ್‌ಚಾರ್ಜ್ ಅವರದೂ ವಿಕಿರಣ ಸುರಕ್ಷತಾ ಅಧಿಕಾರಿಯದೂ ಒಪ್ಪಿಗೆ ಪಡೆದು, ಒಪಿಡಿ ಮುಗಿದ ಮೇಲೆ ಮಾಡಿದ ಕೆಲಸ ಇದು. ಪ್ರಯೋಗಕ್ಕೆಂದು ಮನುಷ್ಯರ ಮೇಲೆ ಒಂದೇ ಒಂದು ಎಕ್ಸ್‌ಪೋಷರ್ ಕೊಟ್ಟಿಲ್ಲ, ಯಾರೂ ಕೊಡಕೂಡದು.

ಮೊದಲು 20 ಲೀಟರಿನ ನೀರಿನ ಕ್ಯಾನ್ ಮಲಗಿಸಿ ನೋಡಿದೆವು. ದುಂಡಗಿನ ಮೈ, ನಡುವೆ ಬಿಳಿ, ಅಂಚಿನಲ್ಲಿ ಕಪ್ಪು. ಅದರಿಂದ ಏನೂ ಹೊರಡಲಿಲ್ಲ. ಮಾರುಕಟ್ಟೆಯಿಂದ ತಳ ಸಮತಟ್ಟಾದ ಪ್ಲಾಸ್ಟಿಕ್ ಟಬ್ ತಂದು 10, 15, 20 ಸೆಂ.ಮೀ. ಆಳಕ್ಕೆ ನೀರು ತುಂಬಿದೆ. ಆಗಲೂ ಅಂಕಿ ಕುಣಿಯುತ್ತಿತ್ತು. ನಮ್ಮಲ್ಲಿ ಫ್ಯೂಜಿ ಸಿಆರ್, ಫಿಲ್ಮಿನ ಬದಲು ಪ್ಲೇಟಿನಲ್ಲಿ ಮೂಡಿದ ಚಿತ್ರವನ್ನು ರೀಡರ್ ಓದುವ ವ್ಯವಸ್ಥೆ. ಅದರ ಎಸ್ ಸಂಖ್ಯೆ ಏರಿದರೆ ಕಿರಣ ಕಡಿಮೆ ಬಿದ್ದಿದೆ, ಇಳಿದರೆ ಹೆಚ್ಚು ಬಿದ್ದಿದೆ ಎಂದು ಅರ್ಥ. ಒಂದೇ ಆಳ, ಯಂತ್ರದ ಒಂದೇ ಸೆಟ್ಟಿಂಗ್, ಆದರೂ ಎಸ್ ಒಮ್ಮೆ 180, ಒಮ್ಮೆ 260. ಹಲವು ಸಂಜೆ ಇದರಲ್ಲೇ ಹೋದವು. ಕಾರಣ ಎರಡಿದ್ದವು. ಪ್ಲೇಟನ್ನು ರೀಡರಿಗೆ ಹಾಕಲು ಒಮ್ಮೆ ತಕ್ಷಣ ಓಡುತ್ತಿದ್ದೆವು, ಒಮ್ಮೆ ಚಹಾ ಕುಡಿದು ಬರುತ್ತಿದ್ದೆವು; ತಡವಾದಷ್ಟೂ ಪ್ಲೇಟಿನೊಳಗಿನ ಚಿತ್ರ ಕರಗುತ್ತದೆ. ಎರಡನೆಯದು, ರೀಡರಿನಲ್ಲಿ ಆರಿಸಿದ ಅಂಗದ ಮೆನು ಪ್ರತಿ ಸಲ ಬೇರೆಯಾಗಿತ್ತು. ಎರಡನ್ನೂ ಕಟ್ಟಿಹಾಕಿದ ಮೇಲೆ ಅಂಕಿ ನೆಲೆ ನಿಂತಿತು. ನಮ್ಮ ಯಂತ್ರದ ಸ್ಥಿರಾಂಕ ಬಂದದ್ದು 26-27. ಕೆವಿಪಿ ಬದಲಿಸದೆ ಸುಮಾರು 4 ಸೆಂ.ಮೀ. ದಪ್ಪ ಹೆಚ್ಚಿದರೆ ಎಂಎಎಸ್ (ಕಿರಣದ ಪ್ರಮಾಣ) ಇಮ್ಮಡಿ ಬೇಕು ಎನ್ನುವುದನ್ನೂ ಟಬ್ಬಿನಲ್ಲಿ ಕಣ್ಣಾರೆ ಕಂಡೆ.

ಚಾರ್ಟ್ ಹಿಡಿದು ವಾರ್ಡಿಗೆ ಬಂದಾಗ ಮೊದಲು ಮುಗ್ಗರಿಸಿದ್ದು ಎದೆಯ ಚಿತ್ರದಲ್ಲಿ. ಅಳತೆ 22 ಸೆಂ.ಮೀ. ತೋರಿಸಿದರೂ ಒಳಗಿರುವುದು ಗಾಳಿ. ಎಂಫಿಸೀಮಾ (ಶ್ವಾಸಕೋಶದಲ್ಲಿ ಗಾಳಿ ಸಿಕ್ಕಿಕೊಳ್ಳುವ ಕಾಯಿಲೆ) ಇದ್ದವರಲ್ಲಿ ಚಿತ್ರ ಸುಟ್ಟು ಕಪ್ಪಾಗುತ್ತಿತ್ತು, ಎದೆಯಲ್ಲಿ ನೀರು ತುಂಬಿದವರಲ್ಲಿ ಏನೂ ತೂರುತ್ತಿರಲಿಲ್ಲ. ಎದೆಗೆ ದಪ್ಪದ ಲೆಕ್ಕ ಪೂರ್ತಿ ಕೈಬಿಟ್ಟು ಬೇರೆ ಪಟ್ಟಿ ಮಾಡಿದೆ. ಹಾಗೆಯೇ ಮೂಳೆ ಸವೆದ ಅಜ್ಜಿಯರ ಸೊಂಟಕ್ಕೆ ಕೆವಿಪಿ ಇಳಿಸುವ ಕಲಂ, ಹಸಿ ಪ್ಲಾಸ್ಟರಿಗೆ ಎಂಎಎಸ್ ಇಮ್ಮಡಿ ಮಾಡುವ ಕಲಂ ಸೇರಿದವು. ಫೈಬರ್ ಕಟ್ಟಿಗೆ ಏನೂ ಬದಲಿಸಬೇಕಾಗಿಲ್ಲ. ಬಹಳ ದಪ್ಪ ಇರುವವರ ಕಲಂ ಒಂದಿದೆ, ಸೊಂಟದ ಪಾರ್ಶ್ವ ಚಿತ್ರದಲ್ಲಿ ಎಲ್5-ಎಸ್1 (ಬೆನ್ನುಮೂಳೆಯ ಕೆಳಗಿನ ಸಂದು) ತೆರೆದು ತೋರಿಸುವ ನನ್ನದೇ ಕ್ರಮವೊಂದಿದೆ. ಅವೆರಡನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಜೊತೆ ನಿಂತು ಕೆಲಸ ಮಾಡಿದವರಿಗೆ ತೋರಿಸಿಕೊಡುತ್ತೇನೆ.

ಎದೆಯ ಚಿತ್ರದ ಬಗ್ಗೆ ಇನ್ನೊಂದು. ರಿಜೆಕ್ಟ್ ಪುಸ್ತಕದಲ್ಲಿ ಎದೆಯ ಅರ್ಧದಷ್ಟು ರಿಪೀಟ್‌ಗಳಿಗೆ ಕಾರಣ ಉಸಿರು ಎಂದು ಸಿಕ್ಕಿತ್ತು. ಮಂಗಳೂರಿನಲ್ಲಿ ತುಳು, ಬ್ಯಾರಿ, ಮಲಯಾಳ ಮಾತಾಡುವ ರೋಗಿಗಳು ಬರುತ್ತಾರೆ. ಉಸಿರು ಎಳೆಯಿರಿ, ಹಿಡಿಯಿರಿ, ಬಿಡಿ ಎನ್ನುವ ಮೂರು ಮಾತುಗಳನ್ನು ಆ ಮೂರೂ ಭಾಷೆಗಳಲ್ಲಿ ಕಲಿತೆ. ಮೊದಲ ಉಸಿರಿಗೆ ಎಕ್ಸ್‌ಪೋಸ್ ಮಾಡುವುದಿಲ್ಲ. ಒಮ್ಮೆ ಬಿಡಿಸಿ, ಎರಡನೇ ಉಸಿರಿಗೆ ಮಾಡುತ್ತೇನೆ. ಉಸಿರು ಪೂರ್ತಿ ತುಂಬಿದ ಗುರುತಾದ ಹತ್ತು ಪಕ್ಕೆಲುಬುಗಳು ತಾವಾಗಿಯೇ ಕಾಣುತ್ತವೆ.

ಈ ನಡುವೆ ಕಾಲಿಮೇಟರಿನ ಬೆಳಕಿನ ಚೌಕದ ನಾಲ್ಕೂ ಅಂಚಿಗೆ ಒಳಗೊಂದು ಹೊರಗೊಂದು ರೂಪಾಯಿ ನಾಣ್ಯ ಇಟ್ಟು ಪರೀಕ್ಷೆ ಮಾಡುವ ಹುಚ್ಚೂ ಹತ್ತಿತ್ತು. 100 ಸೆಂ.ಮೀ. ದೂರದಲ್ಲಿ ಬೆಳಕೂ ಕಿರಣವೂ 2 ಸೆಂ.ಮೀ.ಗಿಂತ ಹೆಚ್ಚು ಬೇರೆಯಾಗಬಾರದು. ಒಂದನೇ ಕೋಣೆಯಲ್ಲಿ ಮೂರರ ಹತ್ತಿರ ಬಂತು. ಸರ್ವಿಸ್ ಎಂಜಿನಿಯರ್ ಬಂದು ಕನ್ನಡಿ ಸರಿಪಡಿಸಿದ ಮೇಲೆ ಆ ಕೋಣೆಯಲ್ಲಿ 'ಅಂಚು ಕತ್ತರಿಸಿದೆ' ಎಂಬ ರಿಜೆಕ್ಟ್‌ಗಳು ತಗ್ಗಿದವು. ಅಲ್ಲಿಯವರೆಗೆ ಅದಕ್ಕೆ ಬೈಸಿಕೊಳ್ಳುತ್ತಿದ್ದವರು ವಿದ್ಯಾರ್ಥಿಗಳು.

ಫಲ ಏನು? ನಾನು ಬರೆಯಲು ಶುರುಮಾಡಿದಾಗ ನಮ್ಮ ಪಾಳಿಯಲ್ಲಿ ನೂರಕ್ಕೆ ಹನ್ನೆರಡು-ಹದಿಮೂರು ರಿಪೀಟ್ ಆಗುತ್ತಿತ್ತು. ಇಂಟರ್ನ್‌ಶಿಪ್ ಮುಗಿಯುವಾಗ ಐದಾರಕ್ಕೆ ಇಳಿದಿತ್ತು. ಸಿಆರ್‌ನಲ್ಲಿ ತುಸು ಹೆಚ್ಚು ಕಿರಣ ಕೊಟ್ಟರೆ ಚಿತ್ರ ಇನ್ನಷ್ಟು ಚೆನ್ನಾಗಿ ಕಾಣುತ್ತದೆ, ಯಾರೂ ಬೈಯುವುದಿಲ್ಲ, ಡೋಸ್ ಬೀಳುವುದು ರೋಗಿಗೆ. ಆದ್ದರಿಂದ ರಿಪೀಟ್ ಲೆಕ್ಕದ ಜೊತೆ ಎಸ್ ಸಂಖ್ಯೆಯನ್ನೂ ಬರೆಯದಿದ್ದರೆ ಆ ಲೆಕ್ಕಕ್ಕೆ ಬೆಲೆಯಿಲ್ಲ. ನಮ್ಮದು 200ರ ಅಕ್ಕಪಕ್ಕದಲ್ಲೇ ಉಳಿಯಿತು; ನನಗೆ ಅತಿ ಹೆಚ್ಚು ಹೆಮ್ಮೆ ಇರುವುದು ಅದರ ಬಗ್ಗೆ. ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಚಾರ್ಟನ್ನು ಕೈಗೆತ್ತಿಕೊಂಡು ವೈವಾದ ಬಹುಪಾಲು ಹೊತ್ತು ಅದರ ಮೇಲೆಯೇ ಕೇಳಿದರು. ಈಗ ಸಿಟಿ ವಿಭಾಗದಲ್ಲಿದ್ದೇನೆ, ಸಾಲದಲ್ಲಿ ಅರ್ಧಕ್ಕಿಂತ ಹೆಚ್ಚು ತೀರಿದೆ. ದೊಡ್ಡಪ್ಪ ತಮ್ಮ ಮೊಮ್ಮಗಳನ್ನು ಇದೇ ಕೋರ್ಸಿಗೆ ಸೇರಿಸಿದ್ದಾರೆ.

ಸದ್ಯ ಕೈಯಲ್ಲಿರುವುದು ಐಸಿಯು ಪೋರ್ಟಬಲ್ ಚಾರ್ಟ್. ಅಲ್ಲಿ ದಪ್ಪಕ್ಕಿಂತ ದೂರದ್ದೇ ತಕರಾರು. ಮಂಚ, ವೆಂಟಿಲೇಟರ್, ಕೊಳವೆಗಳ ನಡುವೆ ಟ್ಯೂಬು ಎಲ್ಲಿ ನಿಲ್ಲುತ್ತದೋ ಅದೇ ದೂರ. ಟ್ಯೂಬಿನ ತಲೆಗೆ ಒಂದು ನೈಲಾನ್ ದಾರ ಕಟ್ಟಿ, ಫೋಕಲ್ ಸ್ಪಾಟ್ (ಕಿರಣ ಹುಟ್ಟುವ ಬಿಂದು) ಗುರುತಿನಿಂದ 80, 100, 120 ಸೆಂ.ಮೀ.ಗೆ ಗಂಟು ಹಾಕಿದ್ದೇನೆ. 100ರ ಎಂಎಎಸ್ ಅನ್ನು 80ರ ಗಂಟಿಗೆ 0.64ರಿಂದ, 120ರ ಗಂಟಿಗೆ 1.44ರಿಂದ ಗುಣಿಸಬೇಕು. ರೋಗಿಗಳ ನಡುವೆ ಸೋಂಕು ಹರಡದಂತೆ ಪ್ರತಿ ಸಲವೂ ದಾರವನ್ನು ಸ್ಪಿರಿಟ್‌ನಿಂದ ಒರೆಸಿ. ಹತ್ತಿ ದಾರ ಹಾಕಬೇಡಿ, ಒದ್ದೆಯಾದರೆ ಅಳತೆ ಬದಲಾಗುತ್ತದೆ.