ಶನಿವಾರ ಮುಚ್ಚಿದ ಒಲೆ, ಭಾನುವಾರ ತೆರೆದ ಗಡಿಗೆ

ಶನಿವಾರ ಸೂರ್ಯ ಮುಳುಗುವ ಮುನ್ನ ಹಿತ್ತಿಲಿನ ಇಟ್ಟಿಗೆ ಒಲೆಯೊಳಗೆ ಇಟ್ಟ ಬೀನ್ಸ್ ಗಡಿಗೆಯನ್ನು, ನಡುವೆ ಒಂದು ಕಡ್ಡಿ ಸೌದೆಯನ್ನೂ ಹಾಕದೆ, ಭಾನುವಾರ ಮಧ್ಯಾಹ್ನ ಬಿಸಿಯಾಗಿ ಹೊರತೆಗೆಯಲು ನನಗೆ ಎರಡು ವರ್ಷ ಹಿಡಿಯಿತು. ನಾವಿರುವ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹಿಂದೆ ನೆಲೆಸಿದ್ದ ಪ್ಯೂರಿಟನ್ನರ, ಅಂದರೆ ಕಟ್ಟುನಿಟ್ಟಿನ ಪ್ರಾಟೆಸ್ಟೆಂಟ್ ಕ್ರೈಸ್ತರ, ಮನೆಗಳಿಗೆ ಇದು ವಾರದ ರೂಢಿಯಾಗಿತ್ತು. ಅವರ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ, ಶನಿವಾರ ಸಂಜೆಯೇ ಆರಂಭವಾಗಿ, ಅಲ್ಲಿಂದ ಮುಂದೆ ಮನೆಗೆಲಸ ನಿಷಿದ್ಧವಾಗುತ್ತಿತ್ತು. ಒಲೆಯಿಲ್ಲದ ಪ್ರಾರ್ಥನಾ ಮಂದಿರದಲ್ಲಿ ಗಂಟೆಗಟ್ಟಲೆ ಚಳಿಗೆ ಮುದುಡಿ ಕುಳಿತು ಬಂದವರಿಗೆ ಈ ಗಡಿಗೆಯೇ ಊಟ.

"ಕುಕ್ಕರ್‌ನಲ್ಲಿ ನಾಲ್ಕು ವಿಷಲ್ ಕೂಗಿಸಿದರೆ ಆಗುವುದಕ್ಕೆ ಇಷ್ಟೆಲ್ಲ ಯಾಕ್ರೀ?" ಎಂದು ನನ್ನ ಹೆಂಡತಿ ಮೊದಲ ದಿನವೇ ಕೇಳಿದ್ದಳು. ಹಳೆಯ ಒಲೆಗಳನ್ನು ದುರಸ್ತಿ ಮಾಡುವ ಹಿರಿಯರೊಬ್ಬರಂತೂ, ಬಯಲಿನಲ್ಲಿ ಕಟ್ಟಿದ ಒಲೆ ಬೆಳಗಿನವರೆಗೆ ಬಿಸಿ ಹಿಡಿಯುವುದೇ ಇಲ್ಲವೆಂದು ಖಡಾಖಂಡಿತವಾಗಿ ಹೇಳಿದರು.

ಒಲೆ ಕಟ್ಟಿದವರಿಗೆ ಗುಮ್ಮಟದ, ಅಂದರೆ ಒಲೆಯ ಕಮಾನಿನ ಚಾವಣಿಯ, ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ನಾನು ಮೊದಲ ಗುಮ್ಮಟವನ್ನು ಒಣಗಲು ಬಿಡದೆ ಬೆಂಕಿ ಹಾಕಿ ಬಿರುಕು ಬಿಡಿಸಿದೆ. ಸುಮಾರು ಆರುನೂರು ಡಾಲರ್ ಅಲ್ಲಿಗೇ ಹೋಯಿತು. ಎರಡನೆಯದಕ್ಕೆ ಸಾವಿರದ ಇನ್ನೂರರ ಆಸುಪಾಸು ಆಗಿರಬೇಕು, ಸೌದೆಯ ಲೆಕ್ಕ ಬೇರೆ. ಮಸಿ ಸುಟ್ಟು ಇಟ್ಟಿಗೆ ಬೆಳ್ಳಗಾಗುವವರೆಗೆ ಎರಡೂವರೆ ಗಂಟೆ ಉರಿಸಿ, ಕೆಂಡ ಎಳೆದು, ಗುಡಿಸಿ, ಬಾಗಿಲು ಮುಚ್ಚಿದರೂ ನಸುಕಿನ ನಾಲ್ಕಕ್ಕೆ ಒಲೆ ತಣ್ಣಗಾಗಿ, ಕಾಳು ಕಲ್ಲಿನಂತಿರುತ್ತಿತ್ತು. ಹೀಗೆ ಏಳೆಂಟು ಶನಿವಾರಗಳು ಹಾಳಾದವು. ಕಾಕಂಬಿಯನ್ನು ಆರಂಭದಲ್ಲೇ ಸುರಿಯುತ್ತಿದ್ದುದೂ ಒಂದು ತಪ್ಪು. ಅದು ಕಾಳನ್ನು ಬೇಗ ಮೆತ್ತಗಾಗಲು ಬಿಡುವುದಿಲ್ಲ. ಈಗ ಊದಿದರೆ ಸಿಪ್ಪೆ ಸುಲಿಯುವಷ್ಟು ಕಾಳನ್ನು ಮೊದಲೇ ಬೇಯಿಸಿಕೊಳ್ಳುತ್ತೇನೆ. ಉಪ್ಪುಹಾಕಿದ ಹಂದಿಮಾಂಸದ ಬದಲು ತುಪ್ಪ ಹಾಕುತ್ತೇನೆ. ಇಷ್ಟರ ಮಟ್ಟಿಗೆ ನಾನು ಪ್ಯೂರಿಟನ್ನರಿಗೆ ದ್ರೋಹಿಯೇ ಸರಿ.

ಗುಟ್ಟು ತಿಳಿದದ್ದು ಹಳೆಯ ಮನೆಯೊಂದನ್ನು ನೋಡಲು ಹೋದಾಗ. ಅಲ್ಲಿನ ಒಲೆಯು ಮನೆಯ ನಡುವಿನ ದೊಡ್ಡ ಚಿಮಣಿಯ ಹೊಟ್ಟೆಯಲ್ಲೇ ಇತ್ತು. ದಿನವಿಡೀ ಉರಿಯುವ ಅಡುಗೆಯ ಬೆಂಕಿಯಿಂದ ಅದರ ಇಟ್ಟಿಗೆಗಳು ಎಂದೂ ಪೂರ್ತಿ ತಣ್ಣಗಾಗುತ್ತಿರಲಿಲ್ಲ; ನನ್ನದೋ ವಾರವಿಡೀ ಚಳಿಯಲ್ಲಿ ನಿಂತಿರುತ್ತಿತ್ತು. ಹಾಗಾಗಿ ಶುಕ್ರವಾರ ಸಂಜೆಯೇ ಸಣ್ಣ ಉರಿ ಹಾಕಿ ಒಲೆಯನ್ನು ಕಾಯಿಸಿಡತೊಡಗಿದೆ, ಶನಿವಾರದ ಉರಿಯನ್ನು ನಾಲ್ಕು ಗಂಟೆಗಳ ಕಾಲಕ್ಕೆ ಏರಿಸಿದೆ. ಒಳಗೆ ಕೈ ಹಿಡಿದು ಎಷ್ಟರವರೆಗೆ ಎಣಿಸಿ ಗಡಿಗೆ ಇಡುತ್ತೇನೆ, ಬಾಗಿಲಿನ ಸಂದಿಗೆ ಮೆತ್ತುವ ಮಣ್ಣಿಗೆ ಏನು ಬೆರೆಸುತ್ತೇನೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಗಡಿಗೆಯ ಪಕ್ಕದಲ್ಲಿ ಜಾಗವಿತ್ತೆಂದು ರೈ (ಗೋಧಿಯಂಥ ಒಂದು ಧಾನ್ಯ) ಮತ್ತು ಮುಸುಕಿನ ಜೋಳದ ಹಿಟ್ಟಿನ ಬ್ರೆಡ್ಡನ್ನೂ ಕೋಸಿನ ಎಲೆಯ ಮೇಲೆ ಇಟ್ಟು ನೋಡಿದೆ. 1660ರ ದಶಕದಲ್ಲಿ ಕಾಂಡದ ತುಕ್ಕು ರೋಗ ಇಲ್ಲಿನ ಗೋಧಿಯನ್ನು ಹಾಳುಮಾಡಿದ ಮೇಲೆ ಬಡಬಗ್ಗರ ಬ್ರೆಡ್ ಎಂದರೆ ಇದೇ. ಆ ಜೋಳವೂ 1816ರ ಬೇಸಿಗೆಯ ಮಂಜಿಗೆ ಸುಟ್ಟುಹೋದಾಗ ಅನೇಕ ಕುಟುಂಬಗಳು ಗಾಡಿ ಕಟ್ಟಿಕೊಂಡು ಒಹಾಯೋ ಕಡೆಗೆ ಹೊರಟುಹೋದವು. ನನ್ನ ಬ್ರೆಡ್ ಮಾತ್ರ ಇಂದಿಗೂ ಅಂಗುಳಿಗೆ ಅಂಟುತ್ತದೆ; ರಾಗಿ ಮುದ್ದೆಯಂತೆ ನುಂಗಲು ಕಲಿತವರಿಗೆ ಕಷ್ಟವಿಲ್ಲ. ಒಲೆಯ ಬೂದಿಯನ್ನು ನೀರಿನಲ್ಲಿ ಸೋಸಿ ಸಾಬೂನಿಗೂ ಕೈಹಾಕಿದೆ. ಆ ಕ್ಷಾರದ ನೀರಿನಲ್ಲಿ ಮೊಟ್ಟೆ ತೇಲಬೇಕೆಂಬುದು ಹಳಬರ ಪರೀಕ್ಷೆ, ನನ್ನದರಲ್ಲಿ ಮುಳುಗಿತು.

ಕಳೆದ ಅಕ್ಟೋಬರ್‌ನಲ್ಲಿ, ಮುಚ್ಚಿ ಸುಮಾರು ಹತ್ತೊಂಬತ್ತು ಗಂಟೆಗಳ ನಂತರ ಬಾಗಿಲು ತೆರೆದಾಗ, ಗಡಿಗೆಯನ್ನು ಬರಿಗೈಯಲ್ಲಿ ಮುಟ್ಟಲಾಗಲಿಲ್ಲ. ಕಾಳು ಕಂದುಗಟ್ಟಿ ಬೆಣ್ಣೆಯಂತಾಗಿತ್ತು. ಆ ಹಿರಿಯರು ಎರಡು ಬಾರಿ ಬಡಿಸಿಕೊಂಡು, ಜನವರಿಯಲ್ಲಿ ಮಾಡಿ ತೋರಿಸಿ ಎಂದರು. ಜನವರಿಯಲ್ಲೂ ಆಯಿತು, ಆದರೆ ಸೌದೆ ಒಂದೂವರೆ ಪಟ್ಟು ಸುಟ್ಟಿತು.